ಅವ್ವ ತೀರಿದ ದಿನದ ಹಸಿವು

ನಿಂಬರ್ಗಾದ ಮನೆಯಲ್ಲಿ ಅವ್ವನ ಶವದ ಪಕ್ಕ ಕೂತು ಬೆಳಗಿನಿಂದ ಅಳುತ್ತಿದ್ದೆ. ಮಣ್ಣಾದ ಮೇಲೆ ನಮಗೆ ಉಣ್ಣಿಸಲೆಂದು ಪಕ್ಕದ ಮನೆಯವರು ರೊಟ್ಟಿ ಬಡಿದು, ಪುಂಡಿಪಲ್ಯಕ್ಕೆ ಬೆಳ್ಳುಳ್ಳಿ ಒಗ್ಗರಣೆ ಹಾಕಿದರು. ವಾಸನೆ ಮೂಗಿಗೆ ಬಡಿದದ್ದೇ ತಡ, ಬಾಯಲ್ಲಿ ನೀರೂರಿತು. ಹೊಟ್ಟೆ ಎಲ್ಲರಿಗೂ ಕೇಳುವಂತೆ ಗುರ್ರೆಂದಿತು.

ಮೂಗಿನ ಸುದ್ದಿ ಮಿದುಳಿಗೆ ಮುಟ್ಟಿದರೆ ಸಾಕು, ಜೊಲ್ಲು ಸುರಿಯುತ್ತದೆ, ಜಠರ ಹಿಂಡಿಕೊಳ್ಳುತ್ತದೆ, ಯಾವುದೂ ನಮ್ಮ ಅಪ್ಪಣೆ ಕೇಳುವುದಿಲ್ಲ ಎಂದು ಶಾಲೆಯಲ್ಲಿ ಮಕ್ಕಳಿಗೆ ನಾನೇ ಕಲಿಸುತ್ತೇನೆ. ಆದರೂ ನೆಲ ಬಿರಿದು ನನ್ನನ್ನು ನುಂಗಬಾರದೇ ಅನ್ನಿಸಿತು. ಸೆರಗಿನೊಳಗೆ ಹೊಟ್ಟೆಯನ್ನು ಒತ್ತಿ ಹಿಡಿದೆ.

"ಹೊಟ್ಟಿಗೇನ್ ಗೊತ್ತಾಗ್ತದವ್ವಾ? ಹೊತ್ತಾದ್ರ ಅದು ಕೇಳೇ ಕೇಳ್ತದ," ಎಂದು ಸೋದರತ್ತೆ ಬೆನ್ನು ಸವರಿದಳು. ಅವಳಿಗೂ ಕೇಳಿಸಿತ್ತಲ್ಲ ಎಂದು ತಲೆ ಎತ್ತಲಾಗಲಿಲ್ಲ.

ಮಣ್ಣು ಮಾಡಿ ಬಂದ ಮೇಲೆ ರೊಟ್ಟಿಯ ಮೇಲೆ ರೊಟ್ಟಿ ಉಂಡೆ. ಪಲ್ಯ ಬಹಳ ರುಚಿಯಾಗಿತ್ತು. ಹಾಗನ್ನಿಸಿದ್ದಕ್ಕೆ ಇನ್ನಷ್ಟು ನಾಚಿಕೆಯಾಯಿತು.