ಮುಂಜಾವಿನ ತಂಪು ಕೂಡಿಡುವ ರಾಚಯ್ಯ

ಇಳಕಲ್ಲಿನ ಅಂಗಡಿ ಸಾಲು ಕಣ್ಣು ಬಿಡುವ ಮುನ್ನವೇ ರಾಚಯ್ಯ ಸೀರೆ ಅಂಗಡಿಯ ಮಾಳಿಗೆ ಏರುತ್ತಾರೆ. ಸರಪಳಿ ಎಳೆದು ಒಂದೊಂದೇ ಗಾಳಿಕಿಂಡಿ ತೆರೆಯುತ್ತಾರೆ. ಮುಂಜಾವಿನ ಗಾಳಿ ಒಳಗೆ ಸುಳಿದಾಡುತ್ತದೆ. ದಪ್ಪ ಕೆಂಪುಕಲ್ಲಿನ ಗೋಡೆಗಳು ಆ ತಂಪನ್ನು ಹೀರಿಕೊಳ್ಳುತ್ತವೆ. ಬಿಸಿಲೇರುತ್ತಿದ್ದಂತೆ ಕಿಂಡಿಗಳನ್ನು ಮುಚ್ಚಿ, "ಇನ್ನ ಮಧ್ಯಾಹ್ನದ ತನಕಾ ಎಸಿಗೆ ಕೆಲಸಿಲ್ರಿ" ಎಂದು ಕೈ ಒರೆಸಿಕೊಳ್ಳುತ್ತಾರೆ.

ಈ ಕಟ್ಟಡ ಒಂದು ಕಾಲಕ್ಕೆ ಟಾಕೀಸು. ಗುಡೂರಿನಿಂದ ಬಂದ ಹರೆಯದ ರಾಚಯ್ಯನಿಗೆ ಇಲ್ಲಿ ಸಿಕ್ಕಿದ್ದು, ದೊಡ್ಡ ಫ್ಯಾನಿನ ಮುಂದಿನ ಲಾವಂಚದ ತಟ್ಟಿಗೆ ನೀರುಣಿಸುವ ಕೆಲಸ. "ಬ್ಯಾಸಿಗ್ಯಾಗ ಮಂದಿ ಸಿನೆಮಾಕ್ಕ ಬರ್ತಿದ್ದಿಲ್ರಿ, ತಂಪಿಗೆ ಬರ್ತಿದ್ರು. ನೋಡಿದ್ದನ್ನ ಮತ್ತ ನೋಡವ್ರು. ನನ್ನ ಹೇಣ್ತಿ ಶಾರವ್ವನೂ ಹಂಗ ಬಂದಾಕಿ. ಹಸಿ ಲಾವಂಚದ ವಾಸನಿ ಬಂದ್ರ ಈಗೂ ಆಕಿ ಮಾರಿ ಅರಳತೈತ್ರಿ."

ಟಾಕೀಸು ಮುಚ್ಚಿತು. ಫ್ಯಾನು ಗುಜರಿಗೆ ಹೋದ ದಿನ ಅವರು ಊಟ ಮಾಡಲಿಲ್ಲವಂತೆ. ಬಾಗಲಕೋಟೆಯಲ್ಲಿ ಎಸಿ ರಿಪೇರಿ ಕಲಿತರು, ಬಾದಾಮಿಯ ಹೋಟೆಲುಗಳ ಮಾಳಿಗೆ ಹತ್ತಿಳಿದರು. ಟಾಕೀಸು ಸೀರೆ ಅಂಗಡಿಯಾದಾಗ ಯಂತ್ರ ನೋಡಿಕೊಳ್ಳಲು ಮತ್ತೆ ಇಲ್ಲಿಗೇ ಬಂದರು. ಆದರೆ ಒಳಗೆ ಹೊಸ ಛಾವಣಿ ಹೊದಿಸಿ ಗಾಳಿಕಿಂಡಿಗಳನ್ನೆಲ್ಲ ಮರೆಮಾಡಿದ್ದರು.

ಹೋದ ವರ್ಷದ ಬೇಸಿಗೆ. ಮದುವೆ ಸೀರೆಗೆಂದು ಜನ ಕಿಕ್ಕಿರಿದಿದ್ದಾಗ ಎಸಿ ಕೆಟ್ಟಿತು. ಬೇವೂರಿನ ಅಜ್ಜಿಯೊಬ್ಬರು ಸೆಕೆಗೆ ಕುಸಿದರು. ರಾಚಯ್ಯನೇ ಎತ್ತಿಕೊಂಡು ಹೊರಗಿನ ಬೇವಿನ ನೆರಳಿಗೆ ತಂದರು. "ಆಕಿ ಕಣ್ಣು ತಗದು ನೀರು ಕೇಳೂತನಕಾ ನನ್ನ ಜೀವದಾಗ ಜೀವ ಇದ್ದಿದ್ದಿಲ್ರಿ."

ಅಂಗಡಿಯ ಮಾಲೀಕ ಶಂಕರಲಿಂಗ ಇನ್ನೂ ದೊಡ್ಡ ಯಂತ್ರ ಕೂಡಿಸಲು ಹೊರಟರು. ಬಾಗಲಕೋಟೆಯಿಂದ ಬಂದ ಎಂಜಿನಿಯರ್ ಅನುರಾಧಾ ಎಲ್ಲ ನೋಡಿ, ರಾಚಯ್ಯನನ್ನೇ ಕೇಳಿದರು: "ಕಾಕಾ, ಟಾಕೀಸಿದ್ದಾಗ ಇಷ್ಟು ಮಂದಿಗೆ ಗಾಳಿ ಎಲ್ಲಿಂದ ಬರ್ತಿತ್ತು?"

ರಾಚಯ್ಯ ಏಣಿ ತಂದು, ಛಾವಣಿಯ ಹಲಗೆಯೊಂದನ್ನು ಸರಿಸಿದರು. ಪಾರಿವಾಳದ ಗೂಡು, ತುಕ್ಕು, ಜೇಡರಬಲೆಯ ಹಿಂದೆ ಗಾಳಿಕಿಂಡಿ ಹಾಗೆಯೇ ಇತ್ತು. ಇಬ್ಬರೂ ಸೇರಿ ಕಿಂಡಿಗಳನ್ನೆಲ್ಲ ಬಿಡಿಸಿ, ಪಾರಿವಾಳ ಬಾರದಂತೆ ಜಾಲರಿ ಕಟ್ಟಿ, ಬಿಸಿಗಾಳಿ ಹೊರದೂಡಲು ಫ್ಯಾನು ಕೂಡಿಸಿದರು. ದೊಡ್ಡ ಯಂತ್ರ ಬರಲೇ ಇಲ್ಲ. ದುರಸ್ತಿಯಾದ ಹಳೆಯ ಎಸಿಯೇ ಸಾಕಾಯಿತು. ಅದೂ ನಡುಹಗಲ ಬಿಸಿಲಿಗೆ ಮಾತ್ರ.

ಕೆಳಗೆ ಹೆಣ್ಣುಮಕ್ಕಳು ಸೀರೆ ಸೆರಗು ಹರವಿಕೊಂಡು ನಿರಾಳವಾಗಿ ಕುಳಿತಿದ್ದಾರೆ. ಈ ತಂಪು ಯಾರ ಕೆಲಸವೆಂದು ಅವರಿಗೆ ತಿಳಿಯಬೇಡವೇ ಎಂದರೆ ರಾಚಯ್ಯ ನಗುತ್ತಾರೆ.

"ಸೆಕಿ ಆದ್ರಷ್ಟ ಮಂದಿ ಮ್ಯಾಲ ನೋಡ್ತಾರ್ರಿ. ಯಾರೂ ಮ್ಯಾಲ ನೋಡದಂಗ ಇದ್ರ, ನನ್ನ ಕೆಲಸ ಬರೋಬ್ಬರಿ ನಡದೈತಿ ಅಂತ ತಿಳ್ಕೋರಿ."