ಬಿಳಿಯಾಗಿ ಬಂದ ಕೆಂಪು ಡೇರೆ

ಹೂವಿನ ಫೋಟೋ ತೆಗೆಯಲು ಶುರುಮಾಡಿದ್ದು ರೋಲಿನ ಕೊನೆಗೆ ಉಳಿದ ಒಂದೆರಡು ಫಿಲ್ಮು ಹಾಳಾಗಬಾರದು ಎಂದು. ಎಪ್ಪತ್ತರ ದಶಕದ ಕೊನೆಯ ವರ್ಷಗಳು, ಸಾಗರದ ಪೇಟೆಯಲ್ಲಿ ನನ್ನದೊಂದು ಸಣ್ಣ ಸ್ಟುಡಿಯೋ ಇತ್ತು. ಬೇಸಿಗೆಯಲ್ಲಿ ತೀರ್ಥಹಳ್ಳಿಯವರೆಗೂ ಮದುವೆಗಳಿಗೆ ಹೋಗುತ್ತಿದ್ದೆ. ಮಳೆಗಾಲದಲ್ಲಿ ಜನ ಬರುವುದು ಕಡಿಮೆ. ಹನ್ನೆರಡರಲ್ಲಿ ಹತ್ತು ಮುಗಿದ ರೋಲು ವಾರಗಟ್ಟಲೆ ಕ್ಯಾಮೆರಾದೊಳಗೇ ಕೂತಿರುತ್ತಿತ್ತು. ಹಿತ್ತಿಲಲ್ಲಿ ಡೇರೆ ಹೂ ಬಿಟ್ಟಿದೆ, ಅದರದ್ದಾದರೂ ತೆಗೆದು ರೋಲು ಮುಗಿಸಿ ಎಂದವಳು ನನ್ನ ಹೆಂಡತಿ.

ಅವಳಿಗೆ ಆ ಫೋಟೋಗಳಿಂದ ಒಂದು ಉಪಯೋಗವಿತ್ತು. ಮಳೆ ಮುಗಿದು ಗಿಡ ಒಣಗಿದ ಮೇಲೆ ಡೇರೆಯ ಗೆಡ್ಡೆ ಕಿತ್ತು ಮರಳಿನಲ್ಲಿಟ್ಟು, ಮುಂದಿನ ಮಳೆಗೆ ಮತ್ತೆ ನೆಡಬೇಕು. ನಮ್ಮ ಕಡೆ ಹೆಂಗಸರು ಆ ಹೊತ್ತಿನಲ್ಲಿ ಗೆಡ್ಡೆಗಳನ್ನು ಒಬ್ಬರಿಗೊಬ್ಬರು ಕೊಟ್ಟು ತೆಗೆದುಕೊಳ್ಳುತ್ತಾರೆ. ಕಿತ್ತ ಮೇಲೆ ಎಲ್ಲ ಗೆಡ್ಡೆಯೂ ಒಂದೇ ಥರ. ಚೀಟಿ ಬರೆದು ಕಟ್ಟು ಎಂದರೆ ಅವಳು ಕೇಳಿದ್ದಳು, "ಕೆಂಪು ಅಂತ ಬರೆದ್ರೆ ಯಾವ ಕೆಂಪು? ನಮ್ಮಲ್ಲೇ ನಾಲ್ಕು ಉಂಟಲ್ಲ." ಹಾಗಾಗಿ ನೆಗೆಟಿವ್‌ನಷ್ಟೇ ಅಳತೆಯ ಪುಟ್ಟ ಪ್ರಿಂಟ್ ಹಾಕಿಕೊಡುತ್ತಿದ್ದೆ. ಅದಕ್ಕೊಂದು ತೂತು ಮಾಡಿ, ಬಾಳೆನಾರಿನಿಂದ ಗೆಡ್ಡೆಗೆ ಕಟ್ಟಿಡುತ್ತಿದ್ದಳು.

ಆ ನಾಲ್ಕರಲ್ಲಿ ಒಂದು ಅವಳ ತವರಿನದು. ಬ್ಯಾಕೋಡಿನ ಆಚೆಗಿದ್ದ ಅವರ ಮನೆ, ಅಂಗಳ ಎಲ್ಲವೂ ಅಣೆಕಟ್ಟಿನ ಮುಳುಗಡೆಯಲ್ಲಿ ಹೋದವು. ಮನೆ ಬಿಡುವಾಗ ತಾಯಿ ಕಿತ್ತುಕೊಟ್ಟ ಗೆಡ್ಡೆಗಳಲ್ಲಿ ಉಳಿದದ್ದು ಇದೊಂದೇ. ತಾಯಿ ಹೊಸನಗರದ ಕಡೆ ಹೊಸ ಜಾಗಕ್ಕೆ ಒಯ್ದವು ಆ ಮಣ್ಣಿಗೆ ಹಿಡಿಯಲಿಲ್ಲ.

ಕಪ್ಪು ಬಿಳುಪಿನಲ್ಲಿ ಕೆಂಪು ಹೂವು ಒಂದು ಕಷ್ಟ. ಹೂವೂ ಎಲೆಯೂ ಒಂದೇ ಬೂದು ಬಣ್ಣಕ್ಕೆ ಬರುತ್ತವೆ. ಆ ಹೂವಿನ ಮೊದಲ ಪ್ರಿಂಟ್ ನೋಡಿ ಅವಳು ಇದರಲ್ಲಿ ಹೂವೆಲ್ಲಿದೆ ಎಂದು ಕೇಳಿದ್ದಳು. ನನಗೆ ಕಸುಬಿನ ಹಟ ಬಂತು. ಮರುವರ್ಷ ಊದುಬತ್ತಿ ಪೊಟ್ಟಣದ ಕೆಂಪು ಪಾರದರ್ಶಕ ಕಾಗದವನ್ನು ಲೆನ್ಸಿಗೆ ಸುತ್ತಿ ತೆಗೆದೆ. ಎಲೆಗಳೆಲ್ಲ ಕಪ್ಪಾಗಿ, ಹೂವು ಬೆಳ್ಳಗೆ ಎದ್ದು ನಿಂತಿತು. ಒಂದೊಂದು ಎಸಳಿನ ಮಡಿಕೆಯೂ ಕಾಣುತ್ತಿತ್ತು. ಅಷ್ಟು ಒಳ್ಳೆಯ ಹೂವಿನ ಫೋಟೋ ನಾನು ಮತ್ತೆ ತೆಗೆದಿಲ್ಲ.

"ಎಂತ ಮಾಡಿದ್ರಿ ಇದು? ನನ್ನ ಕೆಂಪಿಗೆ ಸುಣ್ಣ ಬಳಿದ್ರಲ್ಲ," ಎಂದು ನಕ್ಕಳು. ನಕ್ಕರೂ ಅದನ್ನೇ ಗೆಡ್ಡೆಗೆ ಕಟ್ಟಿದಳು. ತನಗೆ ಗೊತ್ತಿದ್ದರೆ ಸಾಕಲ್ಲ ಎಂದುಕೊಂಡಿರಬೇಕು.

ಎಂಬತ್ತರ ದಶಕ ಶುರುವಾದ ಮೇಲೆ ಅವಳಿಗೆ ಕಾಯಿಲೆ ಬಂತು. ಕೊನೆಯ ಬೇಸಿಗೆಯಲ್ಲಿ ಹಾಸಿಗೆ ಬಿಟ್ಟು ಏಳಲಿಲ್ಲ. ಒಂದು ಮಧ್ಯಾಹ್ನ ನೀರು ಕುಡಿಸುತ್ತಿದ್ದಾಗ ಹೇಳಿದಳು, "ಈ ಸಲ ಅಮ್ಮನಿಗೆ ಆ ಗೆಡ್ಡೆ ಕೊಡ್ಬೇಕು. ಅಲ್ಲಿ ಮಣ್ಣು ಈಗ ಹದಕ್ಕೆ ಬಂದಿದ್ಯಂತೆ. ಮರೀಬೇಡಿ." ನಾನು ಹೂಂ ಅಂದೆ. ಯಾವುದು ಎಂದು ಕೇಳಲಿಲ್ಲ. ಫೋಟೋ ಕಟ್ಟಿದೆಯಲ್ಲ ಎಂಬ ಧೈರ್ಯ.

ಮಳೆ ಹಿಡಿಯುವ ಮೊದಲೇ ಅವಳು ಹೋದಳು.

ತಿಂಗಳಾದ ಮೇಲೆ ಮರಳಿನ ಡಬ್ಬ ಬಿಚ್ಚಿದೆ. ಕೆಂಪು ಕಪ್ಪಗೆ ಬರುತ್ತದಲ್ಲ ಎಂದು, ಫೋಟೋದಲ್ಲಿ ಹೂವು ತುಂಬ ಕಪ್ಪಾಗಿದ್ದ ಗೆಡ್ಡೆಯನ್ನು ಆರಿಸಿ ಹೊಸನಗರಕ್ಕೆ ಒಯ್ದು ಅತ್ತೆಯ ಕೈಗೆ ಕೊಟ್ಟೆ. ಫೋಟೋದಲ್ಲಿ ಬಿಳಿ ಹೂವಿದ್ದವು ಎರಡು. ಪೂಜೆಗೆ ಬಿಳಿ ಬೇಕೆಂದು ಆನಂದಪುರದ ಅವಳ ಗೆಳತಿ ಎರಡು ವರ್ಷದಿಂದ ಕೇಳುತ್ತಿದ್ದರು. ಎರಡನ್ನೂ ಅವರಿಗೆ ಕಳಿಸಿದೆ. ಫೋಟೋಗಳನ್ನು ಮಾತ್ರ ಬಿಚ್ಚಿ ಇಟ್ಟುಕೊಂಡೆ. ಆ ಕೆಲಸ ಮಾಡುವಾಗ ನನ್ನ ತಲೆಗೆ ಏನೂ ಹೊಳೆಯಲಿಲ್ಲ. ನಾನೇ ತೆಗೆದ ಫೋಟೋ, ನಾನೇ ತೊಳೆದದ್ದು.

ಶ್ರಾವಣದಲ್ಲಿ ಅತ್ತೆ ಕಾಗದ ಬರೆಸಿದರು. ಹೂ ಬಿಟ್ಟಿದೆ, ನೇರಳೆ ಬಣ್ಣ, ಚೆನ್ನಾಗಿದೆ ಎಂದಷ್ಟೇ ಇತ್ತು. ತಪ್ಪಾಗಿದೆ ಎಂದು ಅವರು ಬರೆಸಿರಲಿಲ್ಲ. ನಾನು ಫೋಟೋಗಳನ್ನು ಮೇಜಿನ ಮೇಲೆ ಹರಡಿ ಕೂತೆ. ಬಿಳಿ ಹೂವು ಎರಡು. ಒಂದರ ಎಲೆ ಬೂದು, ಇನ್ನೊಂದರದ್ದು ಮಸಿಯಂತೆ ಕಪ್ಪು. ಎಲೆ ಹಾಗೆ ಕಪ್ಪಾಗುವುದು ಕೆಂಪು ಕಾಗದ ಸುತ್ತಿದರೆ ಮಾತ್ರ.

ಅಂಗಡಿ ಮುಚ್ಚಿ ಆನಂದಪುರದ ಬಸ್ಸು ಹತ್ತಿದೆ. ಗೆಳತಿಯ ಅಂಗಳದಲ್ಲಿ ಒಂದು ಬಿಳಿ ಡೇರೆ ನಿಂತಿತ್ತು. ಪಕ್ಕದ ಗುಣಿ ಖಾಲಿ. "ಒಂದು ಕೊಳ್ತು ಹೋಯ್ತು ಅಣ್ಣ. ಚಿಗುರೂ ಬರ್ಲಿಲ್ಲ," ಎಂದರು. ಅವರು ಕೊಟ್ಟ ಕಾಫಿ ಕುಡಿದು ಬಂದೆ.

ಮರುದಿನ ಡಾರ್ಕ್‌ರೂಮಿನಲ್ಲಿ ಆ ನೆಗೆಟಿವ್ ಹಾಕಿ ಬೆಳಕು ಹೆಚ್ಚು ಕೊಟ್ಟು ನೋಡಿದೆ, ಹೂವು ಸ್ವಲ್ಪವಾದರೂ ಕಪ್ಪಾಗಲಿ ಎಂದು. ಹೂವು ಕೊಳೆ ಬಟ್ಟೆಯಂತಾಯಿತು, ಎಲೆಗಳು ಪೂರ್ತಿ ಕಾಣದಾದವು. ನಾಲ್ಕು ಹಾಳೆ ಕೆಡಿಸಿ ಬಿಟ್ಟೆ. ಕೊನೆಗೆ ಮೊದಲಿನ ಹಾಗೆಯೇ, ಬೆಳ್ಳಗೆ, ದೊಡ್ಡದಾಗಿ ಒಂದು ಪ್ರಿಂಟ್ ಹಾಕಿ ಹೊಸನಗರಕ್ಕೆ ಹೋದೆ.

ಅತ್ತೆ ಜಗಲಿಯಲ್ಲಿ ಬತ್ತಿ ಹೊಸೆಯುತ್ತಿದ್ದರು. ಆದದ್ದನ್ನೆಲ್ಲ ಹೇಳಿದೆ. ಅವರು ಕೈ ಒರೆಸಿಕೊಂಡು ಫೋಟೋ ತೆಗೆದುಕೊಂಡು ಬೆಳಕಿಗೆ ಹಿಡಿದರು.

"ಹೌದು, ಇದೇ. ತುದಿ ಒಳಗೆ ಮಡ್ಚಿಕೊಳ್ಳೋದು ಇದೊಂದೇ," ಎಂದರು. ಎಸಳಿನ ಬುಡಕ್ಕೆ ಬೆರಳಿಟ್ಟು ಕೇಳಿದರು, "ಬುಡದಲ್ಲಿ ಹಳದಿ ಇತ್ತಲ್ಲ, ಸಣ್ಣ ಗೆರೆ ಹಾಗೆ. ನಿಮ್ಮಲ್ಲೂ ಬರ್ತಿತ್ತಾ?"

ನಾಲ್ಕೈದು ಮಳೆಗಾಲ ಆ ಗಿಡದ ಮುಂದೆ ಕ್ಯಾಮೆರಾ ಹಿಡಿದು ಕೂತಿದ್ದೇನೆ. ಯಾವ ಬಣ್ಣ ಎಷ್ಟು ಬೂದಾಗುತ್ತದೆ ಎಂದು ಲೆಕ್ಕ ಹಾಕಿದ್ದೇನೆ. ಹಳದಿ ಗೆರೆ ಇತ್ತೋ ಇಲ್ಲವೋ ನನಗೆ ನೆನಪಾಗಲಿಲ್ಲ. ಅವಳಿಗಾದರೆ ಗೊತ್ತಿತ್ತು.

"ನಾನು ಸರಿಯಾಗಿ ನೋಡ್ಲಿಲ್ಲ ಅತ್ತೆ," ಎಂದೆ.

ಅವರು ಫೋಟೋವನ್ನು ಸೆರಗಿನಿಂದ ಒಮ್ಮೆ ಒರೆಸಿ ಒಳಗೆ ಒಯ್ದರು. ಊಟಕ್ಕೆ ಏಳಿ ಎಂದು ಒಳಗಿನಿಂದಲೇ ಕರೆದರು.