ಪಾಲಿನ ಕೋಳಿ

ಆ ಕಾಲದಲ್ಲಿ ಎಲ್ಲರ ಮನೆಯಲ್ಲೂ ಕೋಳಿ ಇರುತ್ತಿತ್ತು ಎಂದು ಯಾರಾದರೂ ಕಣ್ಣರಳಿಸಿ ಹೇಳಿದರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಇತ್ತು, ನಮ್ಮ ಮನೆಯಲ್ಲೂ ಇತ್ತು. ಅದು ಯಾರ ಕೋಳಿ ಎಂದು ಮಾತ್ರ ಯಾರೂ ಕೇಳುವುದಿಲ್ಲ.

ಲಾಯಿಲದಿಂದ ಒಳಗೆ, ಗುಡ್ಡದ ಬುಡದಲ್ಲಿ ನಮ್ಮ ಮನೆ. ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು, ನಾನು ಐದನೆಯ ಕ್ಲಾಸು. ಅಪ್ಪ ಮುಂಬೈಯ ಯಾವುದೋ ಹೋಟೆಲಿನಲ್ಲಿದ್ದರು. ಅಮ್ಮ ಬೀಡಿ ಕಟ್ಟುತ್ತಿದ್ದರು. ನಮ್ಮ ಅಂಗಳದಲ್ಲಿ ಕೆದಕುತ್ತಿದ್ದ ಹೇಂಟೆ ಮೇಲಿನ ಮನೆಯ ಕಲ್ಯಾಣಿಯಕ್ಕನದ್ದು. ಅದಕ್ಕೆ ಪಾಲಿಗೆ ಸಾಕುವುದು ಎನ್ನುತ್ತಿದ್ದರು. ಹೇಂಟೆ ಅವರದ್ದು, ಚಾಕರಿ ನಮ್ಮದು. ಮೊಟ್ಟೆಗಳನ್ನು ಕಾವಿಗೆ ಇಟ್ಟು, ಮರಿ ಮಾಡಿಸಿ, ಮೂರು ತಿಂಗಳು ಸಾಕಿ ದೊಡ್ಡದು ಮಾಡಿದ ಮೇಲೆ ಹೇಂಟೆ ವಾಪಸು, ಮರಿಗಳು ಅರ್ಧ ಅವರಿಗೆ, ಅರ್ಧ ನಮಗೆ. ಕಾವಿಗೆ ಇಟ್ಟು ಮಿಕ್ಕ ಮೊಟ್ಟೆಯೂ ನಮಗೆ.

ಕೇಳಲಿಕ್ಕೆ ಎಷ್ಟು ನ್ಯಾಯ. ಆದರೆ ಮೊದಲು ಹೆಕ್ಕುವುದು ಹೇಂಟೆ ಕೊಟ್ಟವರು. ಕಲ್ಯಾಣಿಯಕ್ಕ ಪ್ರತಿ ಸಲವೂ ಹೇಂಟೆ ಮರಿಗಳನ್ನೆಲ್ಲ ಹೆಕ್ಕಿಕೊಂಡು ನಮಗೆ ಹುಂಜಗಳನ್ನು ಬಿಡುತ್ತಿದ್ದರು. ಹುಂಜ ಮೊಟ್ಟೆ ಇಡುವುದಿಲ್ಲ, ಒಂದು ದಿನದ ಸಾರಿಗೆ ಮುಗಿಯುತ್ತದೆ. ಮರುವರ್ಷ ಅಮ್ಮ ಮತ್ತೆ ಅವರ ಮೆಟ್ಟಿಲ ಕೆಳಗೆ ನಿಂತು ಹೇಂಟೆ ಕೇಳಬೇಕು. ಇದರ ಮರ್ಮ ನನಗೆ ಹೊಳೆದದ್ದು ಆ ವರ್ಷ.

“ಅಮ್ಮಾ, ನಮಗೆ ಒಂದೇ ಒಂದು ಹೇಂಟೆ ಸಿಕ್ಕಿದರೆ ಸಾಕು. ಮತ್ತೆ ಮೇಲಿನ ಮನೆಗೆ ಹೋಗುವುದೇ ಬೇಡ,” ಎಂದೆ.

ಅಮ್ಮ ಬೀಡಿಗೆ ನೂಲು ಸುತ್ತಿ ತಟ್ಟೆಗೆ ಹಾಕಿದರು. “ಈ ಸಲ ಕೇಳುವ. ಒಂದಕ್ಕೆ ಇಲ್ಲ ಅಂತ ಹೇಳ್ಲಿಕ್ಕಿಲ್ಲ ಅವರು.”

ಆ ಸಲ ಮೊಟ್ಟೆ ಒಡೆದದ್ದು ಡಿಸೆಂಬರಿನಲ್ಲಿ. ಕರಾವಳಿಯಲ್ಲಿ ಎಂತ ಚಳಿ ಎಂದು ನಗುವವರು ನಮ್ಮ ಕಡೆಗೆ ಬಂದು ಒಂದು ಬೆಳಗ್ಗೆ ಅಂಗಳದಲ್ಲಿ ನಿಲ್ಲಬೇಕು. ಘಟ್ಟದಿಂದ ಇಳಿದ ಚಳಿಗೆ ನೆಲದ ಸೆಗಣಿ ಸಾರಣೆ ಪಾದ ಕಚ್ಚುತ್ತಿತ್ತು. ಒಂಬತ್ತು ಮರಿಗಳಲ್ಲಿ ಮೂರು ಮೊದಲ ವಾರವೇ ಸತ್ತವು. ಕತ್ತರಿಸಿ ಉಳಿದ ಬೀಡಿ ಎಲೆಯ ಚೂರನ್ನು ಗೂಡಿಗೆ ದಪ್ಪಗೆ ಹಾಸಿದೆ. ಗುಡ್ಡದ ಕೆಳಗೆ ಹರಿಯುವ ತೋಡಿನಿಂದ ಉರುಟು ಕಲ್ಲು ತಂದು, ಬಚ್ಚಲ ಒಲೆಯಲ್ಲಿ ಬಿಸಿ ಮಾಡಿ, ಹಳೆ ಲಂಗದಲ್ಲಿ ಸುತ್ತಿ ಮೂಲೆಯಲ್ಲಿಟ್ಟೆ. ಬೆಳ್ಳುಳ್ಳಿ, ಕಾಳುಮೆಣಸು ಜಜ್ಜಿ ನುಚ್ಚಿಗೆ ಬೆರೆಸಿ ತಿನ್ನಿಸಿದೆ. ನನ್ನ ಕೈ, ಪುಸ್ತಕ, ಬುತ್ತಿ ಎಲ್ಲವೂ ಬೆಳ್ಳುಳ್ಳಿ ನಾತ. ಶಾಲೆಯಲ್ಲಿ ಪಕ್ಕದ ಹುಡುಗಿ ಬೆಂಚಿನ ತುದಿಗೆ ಸರಿದು ಕೂತಳು.

ಒಂದು ಬೆಳಗ್ಗೆ ಇನ್ನೊಂದು ಮರಿ ಕಾಲು ಸೆಟೆದು ಬಿದ್ದಿತ್ತು.

“ಅದು ಉಳಿಯುದಿಲ್ಲ, ಬಿಡು. ನೀನು ಶಾಲೆಗೆ ಹೊರಡು,” ಎಂದರು ಅಮ್ಮ.

ನಾನು ಹೊರಡಲಿಲ್ಲ. ಅಪ್ಪ ತಂದಿದ್ದ ಮಫ್ಲರಿನಲ್ಲಿ ಅದನ್ನು ಸುತ್ತಿ ಬಚ್ಚಲ ಒಲೆಯ ಬಾಯಿಯ ಬೆಚ್ಚನೆ ಬೂದಿಯ ಮೇಲೆ ಇಟ್ಟು, ಅಲ್ಲೇ ಕುಕ್ಕರುಗಾಲಲ್ಲಿ ಕೂತೆ. ಶಾಲೆಯ ಗಂಟೆ ಹೊಡೆದು ಎಷ್ಟೋ ಹೊತ್ತಾದ ಮೇಲೆ ಅದು ಒಂದು ಕಣ್ಣು ತೆರೆಯಿತು. ಬೂದಿ ಎಂದೇ ಹೆಸರಿಟ್ಟೆ. ಬಣ್ಣವೂ ಬೂದಿಯದ್ದೇ. ಸಂಕ್ರಾಂತಿ ಕಳೆದು ತಿಂಗಳಾಗುವಾಗ ಅದರ ತಲೆಯಲ್ಲಿ ಜುಟ್ಟು ಕೆಂಪಾಗಲಿಲ್ಲ, ಬಾಲ ಬಾಗಲಿಲ್ಲ. ಬೂದಿ ಹೇಂಟೆ. ಬದುಕಿ ಉಳಿದ ಆರರಲ್ಲಿ ಬೂದಿ ಸೇರಿ ಹೇಂಟೆ ಎರಡೇ. ಅವರು ಒಂದನ್ನು ಒಯ್ಯಲಿ, ಬೂದಿ ನಮಗಿರಲಿ ಎಂದು ನಾನೇ ಪಂಚಾಯಿತಿ ಮಾಡಿ ಮುಗಿಸಿದೆ. ಅದು ಇಡುವ ಮೊಟ್ಟೆ, ಆ ಮೊಟ್ಟೆಯ ಮರಿ, ಮರಿಗಳಿಗೆ ಗೂಡು ಎಲ್ಲಿ ಕಟ್ಟುವುದು ಎಂಬುದೂ ತೀರ್ಮಾನವಾಯಿತು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಯುವುದು ಅಂದರೆ ಇದೇ.

ಮಾರ್ಚಿನ ಒಂದು ಆದಿತ್ಯವಾರ ಕಲ್ಯಾಣಿಯಕ್ಕ ಬುಟ್ಟಿ ಹಿಡಿದು ಬಂದರು. ಅವರು ಅಂಗಳಕ್ಕೆ ಬರುವುದರೊಳಗೆ ನಾನು ಬೂದಿಯನ್ನು ಮಫ್ಲರಿನಲ್ಲಿ ಸುತ್ತಿ ಬೀಡಿ ಎಲೆಯ ಗೋಣಿಯ ಹಿಂದೆ ಇಟ್ಟಿದ್ದೆ. ಅದು ಸದ್ದು ಮಾಡಲಿಲ್ಲ. ಆ ಬಟ್ಟೆಯ ಬಿಸಿ ಅದಕ್ಕೆ ಗೊತ್ತಿತ್ತು.

“ಆರು ಉಂಟು ಅಂತ ಹೇಳಿದ್ದೆಯಲ್ಲ ಗಿರಿಜಾ? ಇಲ್ಲಿ ಐದೇ ಕಾಣ್ತದೆ,” ಎಂದರು ಅಮ್ಮನ ಕಡೆ ತಿರುಗಿ.

ಅಮ್ಮ ಬಾಯಿ ತೆರೆಯುವ ಮೊದಲೇ ನಾನು ಹೇಳಿದೆ, “ಒಂದನ್ನು ಗಿಡುಗ ತಕ್ಕೊಂಡು ಹೋಯ್ತು.”

ಈಗ ಕೇಳುತ್ತಾರೆ, ಒಂದು ನಮಗಿರಲಿ ಅಕ್ಕಾ ಎನ್ನುತ್ತಾರೆ ಎಂದು ಅಮ್ಮನ ಮುಖ ನೋಡಿದೆ. ಅಮ್ಮ ಕೇಳಲಿಲ್ಲ. ನನ್ನನ್ನೊಮ್ಮೆ ನೋಡಿ ಒಳಗೆ ಹೋದರು. ಬರುವಾಗ ಅವರ ಕೈಯಲ್ಲಿ ಮಫ್ಲರು ಇತ್ತು, ಮಫ್ಲರಿನೊಳಗೆ ಬೂದಿ.

ಕಲ್ಯಾಣಿಯಕ್ಕ ನಕ್ಕರು. ಬೈಯಲಿಲ್ಲ. ಬೈದಿದ್ದರೆ ನಾನೂ ಏನಾದರೂ ಹೇಳುತ್ತಿದ್ದೆನೋ ಏನೋ. ಸೆರಗಿನ ಗಂಟಿನಿಂದ ಚಕ್ಕುಲಿ ತೆಗೆದು ನನ್ನ ಕೈಗಿಟ್ಟರು. “ಸುಳ್ಳು ಹೇಳಬಾರದು ಮಗಾ. ನೋಡು, ಮೂರು ನನಗೆ, ಮೂರು ನಿಮಗೆ. ಸರೀ ಅರ್ಧ.” ಬೂದಿ, ಇನ್ನೊಂದು ಹೇಂಟೆ, ಒಂದು ದಪ್ಪ ಹುಂಜ ಬುಟ್ಟಿಗೆ ಹೋದವು. ತಾಯಿ ಹೇಂಟೆಯನ್ನು ಅಮ್ಮನೇ ಹಿಡಿದು ಕೊಟ್ಟರು.

ಅವರು ಹೋದ ಮೇಲೆ ಚಕ್ಕುಲಿಯನ್ನು ಅಂಗಳಕ್ಕೆ ಬಿಸಾಡಿದೆ. ನಮ್ಮ ಮೂರು ಹುಂಜಗಳು ಅದಕ್ಕೂ ಜಗಳವಾಡಿದವು.

“ಕೇಳ್ತೇನೆ ಅಂತ ಹೇಳಿದ್ದು ಯಾರು?” ಎಂದು ಕಿರುಚಿದೆ.

ಅಮ್ಮ ಬೀಡಿಯ ತಟ್ಟೆ ಎಳೆದುಕೊಂಡು ಕೂತಿದ್ದರು. “ಕೇಳಿದ್ರೆ ಕೊಡ್ತಿದ್ರೋ ಏನೋ. ಕೊಡದಿದ್ರೆ ಬರುವ ವರ್ಷ ಹೇಂಟೆಯೂ ಇಲ್ಲ. ಮತ್ತೆ ನಿನಗೆ ಮೊಟ್ಟೆ ಎಲ್ಲಿಂದ?”

ನಾನು ಖಾಲಿ ಮಫ್ಲರನ್ನು ಎತ್ತಿಕೊಂಡು ಬಚ್ಚಲ ಒಲೆಯ ಮುಂದೆ ಹೋಗಿ ಕೂತೆ. ಆ ಸಿಟ್ಟು ಇಷ್ಟು ವರ್ಷ ಉಳಿಯಿತು.

ಕಲ್ಯಾಣಿಯಕ್ಕ ತೀರಿಹೋದಾಗ ಬೊಜ್ಜದ, ಅಂದರೆ ಉತ್ತರಕ್ರಿಯೆಯ, ಊಟದ ಪಂಕ್ತಿಯಲ್ಲಿ ಯಾರೋ ಹೇಳುತ್ತಿದ್ದರು, “ಒಳ್ಳೆ ಪಾಪದ ಹೆಂಗಸು ಮಾರಾಯ್ರೆ. ಊರಿಗೆಲ್ಲ ಕೋಳಿ ಕೊಟ್ಟ ಕೈ.” ನಾನು ಎಲೆ ಮಡಚಿ ಎದ್ದೆ. ಅಮ್ಮ ಮಾತ್ರ ಹೌದು ಹೌದು ಎಂದು ತಲೆಯಾಡಿಸುತ್ತಿದ್ದರು.

ಅದಾಗಿ ಎರಡು ವರ್ಷಕ್ಕೆ ನಾನು ಗುರುವಾಯನಕೆರೆಯಲ್ಲಿ ಹೊಲಿಗೆ ಅಂಗಡಿ ಹಾಕಿದೆ. ಮೊದಲು ಮಾಡಿದ ಕೆಲಸ, ಪುಂಜಾಲಕಟ್ಟೆಯಿಂದ ಒಂದು ಹೇಂಟೆ ತಂದು ಅಮ್ಮನ ಮಡಿಲಿಗೆ ಹಾಕಿದ್ದು. “ಇದು ನಮ್ಮದೇ. ಯಾರಿಗೂ ಪಾಲು ಇಲ್ಲ,” ಎಂದೆ. ಅಮ್ಮ ಅದರ ರೆಕ್ಕೆ ಬಿಡಿಸಿ, ಕಾಲು ಒತ್ತಿ ನೋಡಿ, “ಒಳ್ಳೆ ಜಾತಿ ಉಂಟು,” ಎಂದರು. ಎಂಟು ಮರಿ ಆದವು. ಆ ಚಳಿಗೆ ಒಂದೂ ಸಾಯಲಿಲ್ಲ.

ಮೂರು ತಿಂಗಳು ಕಳೆದ ಒಂದು ಬೆಳಗ್ಗೆ ಅಂಗಳಕ್ಕೆ ಬಂದರೆ, ಅಮ್ಮ ನಾಲ್ಕು ಮರಿಗಳನ್ನು ಬೇರೆ ಹಿಡಿದು ಬುಟ್ಟಿ ಕವುಚಿ ಹಾಕಿದ್ದರು. ನಾಲ್ಕೂ ಹೇಂಟೆ.

“ಇದು ಯಾರಿಗೆ ಅಮ್ಮಾ?”

ಅಮ್ಮ ಬುಟ್ಟಿಯನ್ನು ನೋಡಿದರು, ತಮ್ಮ ಕೈಯನ್ನು ನೋಡಿದರು. “ಯಾರಿಗೂ ಇಲ್ಲ ಮಗಾ. ಕೈ ಹಾಗೇ ಹೋಯ್ತು.”

ಬುಟ್ಟಿ ಎತ್ತಿದೆ. ನಾಲ್ಕು ಹೇಂಟೆಗಳೂ ಹುಂಜಗಳ ನಡುವೆ ಓಡಿ ಸೇರಿಕೊಂಡವು.

ಈಗ ಅಮ್ಮ ಇಲ್ಲ, ಆ ಅಂಗಳದಲ್ಲಿ ಕೋಳಿಯೂ ಇಲ್ಲ. ಊರಕೋಳಿಯ ರುಚಿ ಹೋಯಿತು ಎಂದು ಅಂಗಡಿಗೆ ಬಂದವರು ಕೊರಗುತ್ತಾರೆ. ನಾನು ಮಿಷಿನು ತುಳಿಯುತ್ತ ಕೇಳಿಸಿಕೊಳ್ಳುತ್ತೇನೆ. ಅಮ್ಮನ ಆ ಕೈ ತನಗೆಂದು ಒಮ್ಮೆಯೂ ಮೊದಲು ಹೆಕ್ಕದೆ ಹೋಯಿತಲ್ಲ, ಅದಕ್ಕೆ ಯಾರು ಕೊರಗುತ್ತಾರೆ?